ತೂಕದ ನಾಬ್ ಹಾಕಿದರೆ ಟ್ಯೂನಿಂಗ್ ನುಣುಪಾಗುತ್ತದೆಯೇ?

ಪ್ರಶ್ನೆ: ನಾನು ಬೀದರಿನವನು, ಬ್ಯಾಂಕ್ ನೌಕರ. ಹೋದ ವರ್ಷ ರಿಸ್ಟ್ರಿಕ್ಟೆಡ್ ದರ್ಜೆಯ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಸಿಕ್ಕಿತು. ಬಿಟೆಕ್ಸ್ (BITX) ಮಾದರಿಯ ರೇಡಿಯೊ ಸೆಟ್ಟೊಂದನ್ನು ಮನೆಯಲ್ಲೇ ಜೋಡಿಸಿಕೊಂಡು 40 ಮೀಟರ್ ಬ್ಯಾಂಡಿನಲ್ಲಿ ಮಾತಾಡುತ್ತೇನೆ. ಟ್ಯೂನಿಂಗಿಗೆ ಪೇಟೆಯಲ್ಲಿ ಸಿಗುವ ಸಾಮಾನ್ಯ ಎನ್‌ಕೋಡರ್ (ಶಾಫ್ಟ್ ತಿರುಗಿದ್ದನ್ನು ಹೆಜ್ಜೆಗಳ ಸಿಗ್ನಲ್ ಮಾಡಿ ಕೊಡುವ ಭಾಗ), ಅದರ ಮೇಲೊಂದು ಸಣ್ಣ ಪ್ಲಾಸ್ಟಿಕ್ ನಾಬ್. ತಿರುಗಿಸಿದರೆ ಟಕ್ ಟಕ್ ಅನ್ನುತ್ತದೆ. ಬ್ಯಾಂಡಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಬೆರಳು ಸೋಲುತ್ತವೆ ಎಂದು ಒಂದು ಟಕ್ಕಿಗೆ 100 ಹರ್ಟ್ಸ್ ಇಟ್ಟೆ. ಈಗ ಎದುರಿನವರ ದನಿಯೇ ಸರಿಯಾಗಿ ಕೂರುವುದಿಲ್ಲ. ಕಲಬುರಗಿಯ ಹಿರಿಯ ಹ್ಯಾಮ್ ಒಬ್ಬರ ಮನೆಯಲ್ಲಿ ಹಳೆಯ ಜಪಾನಿ ಸೆಟ್ಟಿನ ನಾಬನ್ನು ಒಮ್ಮೆ ತಳ್ಳಿದರೆ ತಾನೇ ತಿರುಗುತ್ತ ಹೋಗುವುದನ್ನು ನೋಡಿದೆ. ಅಂಥದ್ದೇ ಬೇಕೆಂದು 300 ಗ್ರಾಮಿನ ಹಿತ್ತಾಳೆ ನಾಬ್ ಮಾಡಿಸುವ ವಿಚಾರದಲ್ಲಿದ್ದೇನೆ. ಒಬ್ಬರು ‘ಭಾರದ ನಾಬ್ ಇದ್ದರೆ ಫ್ರೀಕ್ವೆನ್ಸಿ ಜಾರೋದೂ ನಿಲ್ತದ’ ಅಂತಾರೆ. ಇನ್ನೊಬ್ಬರು ‘ಶಾಫ್ಟ್ ಮುರದು ಕೈಗೆ ಬರ್ತದ ನೋಡ್ರಿ’ ಅಂತಾರೆ. ನಮ್ಮೂರಿನ ಬಿದ್ರಿ ಲೋಹದಲ್ಲೇ ಮಾಡಿಸುವ ಆಸೆಯೂ ಇದೆ. ಏನು ಮಾಡಲಿ? ನಾಬ್ ಬದಲಿಸಲು ಅನುಮತಿ ಬೇಕೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲೇ ಮುಗಿಸಿಬಿಡೋಣ. ನಾಬ್ ಬದಲಿಸಲು ಯಾರ ಅನುಮತಿಯೂ ಬೇಡ. ಲೈಸೆನ್ಸಿನ ತಾಂತ್ರಿಕ ಷರತ್ತುಗಳು ಮುಖ್ಯವಾಗಿ ಆಂಟೆನಾದಿಂದ ಹೊರಗೆ ಹೋಗುವ ಸಿಗ್ನಲ್ಲಿಗೆ ಸಂಬಂಧಿಸಿದವು: ಯಾವ ಬ್ಯಾಂಡ್, ಎಷ್ಟು ವ್ಯಾಟ್, ಯಾವ ಬಗೆಯ ಪ್ರಸಾರ. ಮುಂದಿನ ಪ್ಯಾನೆಲ್ಲಿನಲ್ಲಿ ಹಿತ್ತಾಳೆ ಇದೆಯೋ ಪ್ಲಾಸ್ಟಿಕ್ ಇದೆಯೋ ಎಂದು ಯಾರೂ ಕೇಳುವುದಿಲ್ಲ.

ಇನ್ನು ನಿಮ್ಮ ತೊಂದರೆ. ಅದನ್ನು ನೀವು ಒಂದು ಎಂದುಕೊಂಡಿದ್ದೀರಿ, ಆದರೆ ಅದರಲ್ಲಿ ಮೂರು ಬೆರೆತಿವೆ. ಬೆರಳಿಗೆ ಸಿಗುವ ಟಕ್ ಟಕ್ ಒಂದು. ಒಂದು ಟಕ್ಕಿಗೆ ಫ್ರೀಕ್ವೆನ್ಸಿ ಎಷ್ಟು ಸರಿಯುತ್ತದೆ ಎಂಬುದು ಇನ್ನೊಂದು. ನಾಬ್ ಹಗುರಾಗಿರುವುದು ಮೂರನೆಯದು. ಹಿತ್ತಾಳೆ ಈ ಮೂರನೆಯದಕ್ಕೆ ಮಾತ್ರ ಮದ್ದು, ಮತ್ತು ಮೂರರಲ್ಲಿ ಅದೇ ಎಲ್ಲಕ್ಕಿಂತ ಸಣ್ಣದು. ಆ ಹಿರಿಯರ ಸೆಟ್ಟಿನಲ್ಲಿ ನಾಬ್ ಹಾಗೆ ತೇಲುತ್ತ ತಿರುಗಲು ಮುಖ್ಯ ಕಾರಣ ಒಳಗಿರುವ ಟಕ್ ಇಲ್ಲದ ಎನ್‌ಕೋಡರ್ ಮತ್ತು ಅದರ ಒಳ್ಳೆಯ ಬೇರಿಂಗ್. ರಿಪೇರಿಗೆ ಬರುವ ಇಂಥ ಕಾರ್ಖಾನೆ ಸೆಟ್‌ಗಳ ನಾಬ್ ಕಳಚಿ ಕೈಯಲ್ಲಿ ಹಿಡಿದರೆ, ಎಷ್ಟೋ ಸಲ ‘ಇಷ್ಟೇನಾ ಭಾರ’ ಅನ್ನಿಸುತ್ತದೆ.

ಮೊದಲು ಲೆಕ್ಕ ನೋಡಿ. ನಿಮ್ಮಲ್ಲಿರುವ ಬಗೆಯ ಎನ್‌ಕೋಡರ್ ಒಂದು ಸುತ್ತಿಗೆ ಸಾಮಾನ್ಯವಾಗಿ 20 ಟಕ್ ಕೊಡುತ್ತದೆ. ಒಂದು ಟಕ್ಕಿಗೆ 100 ಹರ್ಟ್ಸ್ ಎಂದರೆ ಒಂದು ಸುತ್ತಿಗೆ 2 ಕಿಲೋಹರ್ಟ್ಸ್. ನಮ್ಮ ದೇಶದಲ್ಲಿ 40 ಮೀಟರ್ ಬ್ಯಾಂಡ್ 7.000ದಿಂದ 7.200 ಮೆಗಾಹರ್ಟ್ಸ್ ತನಕ, ಅಂದರೆ 200 ಕಿಲೋಹರ್ಟ್ಸ್. ದಾಟಲು 100 ಸುತ್ತು. ವೇಗಕ್ಕೆ ತಕರಾರಿಲ್ಲ. ಆದರೆ ಎದುರಿನವರು ಎರಡು ಟಕ್ಕುಗಳ ನಡುವೆ ಬಿದ್ದರೆ ನೀವು 50 ಹರ್ಟ್ಸ್‌ವರೆಗೆ ತಪ್ಪಿ ನಿಲ್ಲುತ್ತೀರಿ. ಎಸ್‌ಎಸ್‌ಬಿಯಲ್ಲಿ (ಹ್ಯಾಮ್‌ಗಳು ಈ ಬ್ಯಾಂಡಿನಲ್ಲಿ ಮಾತಿಗೆ ಬಳಸುವ ಪ್ರಸಾರದ ಬಗೆ) 20–30 ಹರ್ಟ್ಸ್ ತಪ್ಪಿದರೂ ಪರಿಚಯದ ದನಿ ಸ್ವಲ್ಪ ಬೇರೆ ಕೇಳುತ್ತದೆ; 50 ತಪ್ಪಿದರೆ ಮಾತು ತಿಳಿಯುತ್ತದೆ, ಆದರೆ ಮಾತಾಡುವವರು ಮೂಗು ಹಿಡಿದುಕೊಂಡಂತಿರುತ್ತದೆ. ಈ ತೊಂದರೆ 300 ಗ್ರಾಮಿನ ನಾಬ್ ಹಾಕಿದರೂ ಅಷ್ಟೇ ಇರುತ್ತದೆ, 3 ಕಿಲೋ ಹಾಕಿದರೂ ಅಷ್ಟೇ.

ಟಕ್ ಎಲ್ಲಿಂದ ಬರುತ್ತದೆ ಎಂಬುದನ್ನೂ ತಿಳಿದಿರಿ. ಎನ್‌ಕೋಡರಿನ ಒಳಗೆ ಏರಿಳಿತಗಳಿರುವ ಒಂದು ಸಣ್ಣ ತಟ್ಟೆ, ಅದನ್ನು ಒತ್ತಿ ಹಿಡಿಯುವ ತೆಳು ಸ್ಪ್ರಿಂಗ್ ಇರುತ್ತವೆ. ಪ್ರತಿ ತಗ್ಗಿನಲ್ಲೂ ಸ್ಪ್ರಿಂಗ್ ಕೂತು ಶಾಫ್ಟನ್ನು ನಿಲ್ಲಿಸುತ್ತದೆ. ಇದಕ್ಕೆ ಭಾರದ ನಾಬ್ ಹಾಕಿದರೆ ಎರಡರಲ್ಲಿ ಒಂದು ಆಗುತ್ತದೆ. ಮೆಲ್ಲಗೆ ತಿರುಗಿಸಿದರೆ ಮುಂಚಿನಂತೆಯೇ ಟಕ್ ಟಕ್. ಜೋರಾಗಿ ತಳ್ಳಿದರೆ ನಿಮಗೆ ಬೇಕಾದ ಕಡೆ ನಿಲ್ಲದೆ ನಾಲ್ಕಾರು ತಗ್ಗು ದಾಟಿ ಎಲ್ಲೋ ಕೂರುತ್ತದೆ. ಇದರ ಜೊತೆ ಇನ್ನೊಂದು: ಮನೆಯಲ್ಲಿ ಜೋಡಿಸಿದ ಅನೇಕ ಸೆಟ್‌ಗಳ ಪ್ರೋಗ್ರಾಮ್ ಎನ್‌ಕೋಡರನ್ನು ಆಗಾಗ ಇಣುಕಿ ನೋಡುತ್ತದೆಯೇ ಹೊರತು ಸದಾ ಕಾಯುತ್ತಿರುವುದಿಲ್ಲ. ಡಿಸ್‌ಪ್ಲೇ ಮೇಲೆ ಅಂಕಿ ಬರೆಯುವ ಹೊತ್ತಿನಲ್ಲಿ ನಾಬ್ ಓಡಿದರೆ ಆ ಹೆಜ್ಜೆಗಳು ಲೆಕ್ಕಕ್ಕೇ ಬರುವುದಿಲ್ಲ. ಭಾರದ ನಾಬ್ ಭರ್ರನೆ ತಿರುಗುತ್ತದೆ, ಅಂಕಿ ಮಾತ್ರ ಅಲ್ಲೇ ತಡವರಿಸುತ್ತದೆ.

ಈಗ ನಿಮ್ಮ ಗೆಳೆಯರ ಮಾತಿಗೆ ಬರೋಣ. ‘ಫ್ರೀಕ್ವೆನ್ಸಿ ಜಾರೋದು ನಿಲ್ತದ’ ಎಂಬುದು ನಿಮ್ಮ ಸೆಟ್ಟಿನ ಮಟ್ಟಿಗೆ ನಿಜವಲ್ಲ. ಅದಕ್ಕೊಂದು ಹಳೆಯ ಬೇರಿದೆ. ಕಾಯಿಲ್ ಮತ್ತು ಗ್ಯಾಂಗ್ ಕಂಡೆನ್ಸರಿನಿಂದ ಟ್ಯೂನ್ ಮಾಡುತ್ತಿದ್ದ ಕಾಲದಲ್ಲಿ ನಾಬ್ ಅಲುಗಿದರೆ ಕಂಡೆನ್ಸರಿನ ರೆಕ್ಕೆಗಳೂ ಅಲುಗುತ್ತಿದ್ದವು, ಕೈ ಹತ್ತಿರ ತಂದರೂ ಸ್ಟೇಷನ್ ಸರಿಯುತ್ತಿತ್ತು. ಆಗ ಗಟ್ಟಿ ಡ್ರೈವ್, ಭಾರದ ಚಕ್ರ, ಅರ್ಥ್ ಮಾಡಿದ ಶಾಫ್ಟ್ ಎಲ್ಲಕ್ಕೂ ಅರ್ಥವಿತ್ತು. ನಿಮ್ಮ ಸೆಟ್ಟಿನಲ್ಲಿ ಫ್ರೀಕ್ವೆನ್ಸಿ ಹುಟ್ಟುವುದು ಒಂದು ಚಿಪ್ ಮತ್ತು ಅದರ ಪಕ್ಕದ 25 ಮೆಗಾಹರ್ಟ್ಸ್ ಕ್ರಿಸ್ಟಲ್ಲಿನಿಂದ. ಎನ್‌ಕೋಡರ್ ಬರೀ ‘ಏರಿಸು, ಇಳಿಸು’ ಎಂದು ಹೇಳುವ ಸ್ವಿಚ್. ಕ್ರಿಸ್ಟಲ್ ಹತ್ತು ಲಕ್ಷಕ್ಕೆ 10 ಭಾಗ ಸರಿದರೆ 7.1 ಮೆಗಾಹರ್ಟ್ಸಿನಲ್ಲಿ 71 ಹರ್ಟ್ಸ್ ತಪ್ಪುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿದಾಗ ಮುಚ್ಚಿದ ಪೆಟ್ಟಿಗೆಯೊಳಗೆ ಎಷ್ಟು ಕಾವಿರುತ್ತದೆ ಎಂದು ಹೇಳಬೇಕಾಗಿಲ್ಲ. ಬೀದರ್ ಎತ್ತರದಲ್ಲಿರುವುದರಿಂದ ಒಂದಿಷ್ಟು ವಾಸಿ, ಅಷ್ಟೆ. ಸೆಟ್ ಹಾಕಿದ ಮೊದಲ ಹತ್ತು ನಿಮಿಷ ಜಾರಿ ಆಮೇಲೆ ನಿಂತರೆ ಅದು ಕ್ರಿಸ್ಟಲ್ ಬಿಸಿಯಾಗುವ ಕಥೆ. ಔಟ್‌ಪುಟ್ ಟ್ರಾನ್ಸಿಸ್ಟರಿನ ಹೀಟ್‌ಸಿಂಕ್ ಅದರಿಂದ ದೂರವಿರಲಿ, ಪೆಟ್ಟಿಗೆಗೆ ಗಾಳಿ ಆಡಲಿ.

‘ಶಾಫ್ಟ್ ಮುರೀತದ’ ಎಂಬುದು ಅರ್ಧ ನಿಜ. 300 ಗ್ರಾಂ ಭಾರ ಬುಷ್ಷಿನಿಂದ (ಶಾಫ್ಟ್ ಹೊರಬರುವ ಲೋಹದ ಕೊಳವೆಯಿಂದ) 15 ಮಿ.ಮೀ. ಮುಂದೆ ನೇತಾಡಿದರೆ ಶಾಫ್ಟ್ ಮೇಲೆ ಬೀಳುವ ಬಾಗಿಸುವ ಬಲ 450 ಗ್ರಾಂ-ಸೆಂ.ಮೀ. ಮೇಜಿನ ಮೇಲೆ ಸುಮ್ಮನಿದ್ದಾಗ ಇದು ಶಾಫ್ಟ್ ಮುರಿಯುವ ಮಾತಲ್ಲ. ಆದರೆ ಈ ಅಗ್ಗದ ಎನ್‌ಕೋಡರಿನಲ್ಲಿ ಬಾಲ್ ಬೇರಿಂಗ್ ಇರುವುದಿಲ್ಲ, ಶಾಫ್ಟ್ ಬರೀ ತೂತಿನಲ್ಲಿ ತಿರುಗುತ್ತದೆ. ದಿನವೂ ಒಂದೇ ಕಡೆ ತೂಗಿದರೆ ತೂತು ಸವೆದು ನಾಬ್ ಓಲಾಡುತ್ತದೆ. ನಿಜವಾದ ಗಂಡಾಂತರ ಸಾಗಾಟದಲ್ಲಿ. ಕಾರಿನ ಹಿಂದಿನ ಸೀಟಿನಲ್ಲಿ ಸೆಟ್ ಇಟ್ಟುಕೊಂಡು ಬರುವಾಗ ಒಂದು ಗುಂಡಿಯ ಏಟಿಗೆ ಆ 300 ಗ್ರಾಂ ಕ್ಷಣಕಾಲ ಒಂದೂವರೆ ಕಿಲೋ ಆಗಿ ಎಳೆಯಬಹುದು. ಆಗ ಬಾಗುವುದು ಶಾಫ್ಟ್, ಬಿರಿಯುವುದು ಬೋರ್ಡಿಗೆ ಹಾಕಿದ ಬೆಸುಗೆ.

ಹಾಗಾದರೆ ತೂಕದಿಂದ ಏನೂ ಉಪಯೋಗವಿಲ್ಲವೇ? ಇದೆ, ಆದರೆ ಮುಖ್ಯವಾದದ್ದು ತೂಕ ಎಲ್ಲಿದೆ ಎಂಬುದು. ಕುಂಬಾರರ ತಿಗರಿಯಲ್ಲಿ ಭಾರವನ್ನು ಅಂಚಿಗೆ ಇಡುವುದು ಇದೇ ಕಾರಣಕ್ಕೆ: ತಿರುಗುವ ವಸ್ತುವಿನ ಜಡತ್ವ ತೂಕದ ಜೊತೆ ನೇರವಾಗಿ, ನಡುವಿನಿಂದ ಇರುವ ದೂರದ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. 18 ಮಿ.ಮೀ. ದಪ್ಪದ ಎರಡು ಗಟ್ಟಿ ನಾಬ್‌ಗಳನ್ನು ಹೋಲಿಸಿ. 30 ಮಿ.ಮೀ. ವ್ಯಾಸದ ಹಿತ್ತಾಳೆಯದು ಸುಮಾರು 108 ಗ್ರಾಂ ತೂಗುತ್ತದೆ; ಅದರ ಜಡತ್ವ 120 ಗ್ರಾಂ-ಚದರ ಸೆಂ.ಮೀ. ಆಸುಪಾಸು. 45 ಮಿ.ಮೀ. ವ್ಯಾಸದ ಅಲ್ಯೂಮಿನಿಯಮ್ಮಿನದು ಬರೀ 77 ಗ್ರಾಂ, ಆದರೆ ಜಡತ್ವ 195. ಹಗುರಾದದ್ದೇ ಗೆದ್ದಿತು! ಅದೇ 45 ಮಿ.ಮೀ. ಅಳತೆಯಲ್ಲಿ ಪೂರ್ತಿ ಹಿತ್ತಾಳೆ ಮಾಡಿಸಿದರೆ 243 ಗ್ರಾಂ, ಜಡತ್ವ 600ರ ಮೇಲೆ. ಮೇಜಿನ ಮೇಲಿನ ಸೆಟ್ಟಿಗೆ ಅಷ್ಟು ಬೇಡ ಎಂಬುದು ನನ್ನ ಅನಿಸಿಕೆ. 80ರಿಂದ 130 ಗ್ರಾಂ ತೂಕದ, 42–45 ಮಿ.ಮೀ. ಅಗಲದ ನಾಬ್ ಕೈಗೆ ಹಿತ. ಅದಕ್ಕಿಂತ ಹೆಚ್ಚಾದರೆ ನಿಲ್ಲಿಸಬೇಕಾದಲ್ಲಿ ನಿಲ್ಲಿಸಲು ಬೆರಳು ಎದುರು ಒತ್ತಬೇಕಾಗುತ್ತದೆ. ಕ್ಷೀಣವಾದ ಸ್ಟೇಷನ್ನಿನ ಮೇಲೆ ನಾಲ್ಕು ಹರ್ಟ್ಸ್ ಆಚೀಚೆ ಮಾಡುವಾಗ ಅದು ಕಿರಿಕಿರಿ.

ಆದ್ದರಿಂದ ನೀವು ಮೊದಲು ಮುಟ್ಟಬೇಕಾದದ್ದು ಎನ್‌ಕೋಡರನ್ನು. ಅಗ್ಗದ ದಾರಿ ಎಂದರೆ ಇರುವುದನ್ನೇ ಬಿಚ್ಚುವುದು. ಅದರ ಲೋಹದ ಹೊದಿಕೆಯನ್ನು ಹಿಡಿದಿರುವ ನಾಲ್ಕು ಕಿವಿಗಳನ್ನು ನೇರ ಮಾಡಿ, ಟಕ್ ಅನ್ನಿಸುವ ಸ್ಪ್ರಿಂಗಿನ ಉಬ್ಬನ್ನು ತಗ್ಗಿಸಿ ಮತ್ತೆ ಮುಚ್ಚಬೇಕು. ಕಿವಿಗಳನ್ನು ಎರಡನೇ ಸಲ ಬಗ್ಗಿಸಿದರೆ ಮುರಿಯುವ ಸಂಭವವಿದೆ, ಹೀಗಾಗಿ ಇನ್ನೊಂದು ಎನ್‌ಕೋಡರ್ ತಂದಿಟ್ಟುಕೊಂಡೇ ಕೈ ಹಾಕಿ. ಟಕ್ ಹೋದ ಮೇಲೆ ಪ್ರೋಗ್ರಾಮಿನಲ್ಲಿ, ಮುಂಚೆ ಒಂದು ಟಕ್ ಆಗುತ್ತಿದ್ದಷ್ಟು ಅಂತರದಲ್ಲಿ ಎನ್‌ಕೋಡರಿನ ಎರಡೂ ಸಿಗ್ನಲ್ ತಂತಿಗಳಲ್ಲಿ ಆಗುವ ಎಲ್ಲ ನಾಲ್ಕು ಬದಲಾವಣೆಗಳನ್ನೂ ಎಣಿಸುವಂತೆ ಮಾಡಿ. ಆಗ ಒಂದು ಸುತ್ತಿಗೆ 20ರ ಬದಲು 80 ಹೆಜ್ಜೆ. ಹೆಜ್ಜೆಗೆ 25 ಹರ್ಟ್ಸ್ ಇಟ್ಟರೆ ಸುತ್ತಿಗೆ ಅದೇ 2 ಕಿಲೋಹರ್ಟ್ಸ್ ವೇಗ, ತಪ್ಪು ಮಾತ್ರ 50ರಿಂದ 12.5 ಹರ್ಟ್ಸಿಗೆ ಇಳಿಯಿತು. ಒಂದು ಪೈಸೆಯ ಹಿತ್ತಾಳೆ ಇಲ್ಲದೆ ನಿಮ್ಮ ಮುಖ್ಯ ದೂರು ಇಲ್ಲಿಗೇ ಮುಗಿಯಬಹುದು.

ಖರ್ಚಿಗೆ ಸಿದ್ಧವಿದ್ದರೆ ಆಪ್ಟಿಕಲ್ ಎನ್‌ಕೋಡರ್ ಹಾಕಿ. ಸುತ್ತಿಗೆ 100 ಪಲ್ಸಿನದು ಸಿಕ್ಕರೆ ನಾಲ್ಕರಿಂದ ಗುಣಿಸಿ 400 ಹೆಜ್ಜೆ. ಹೆಜ್ಜೆಗೆ 10 ಹರ್ಟ್ಸಿನಂತೆ ಸುತ್ತಿಗೆ 4 ಕಿಲೋಹರ್ಟ್ಸ್. ಕಾರ್ಖಾನೆ ಯಂತ್ರಗಳಿಗೆ ಮಾಡಿದ 38 ಮಿ.ಮೀ. ಮೈಯ, 6 ಮಿ.ಮೀ. ಶಾಫ್ಟಿನ 600 ಪಲ್ಸಿನ ಎನ್‌ಕೋಡರ್‌ಗಳೂ ಆನ್‌ಲೈನಿನಲ್ಲಿ ಧಾರಾಳ. ಅವುಗಳೊಳಗೆ ಬಾಲ್ ಬೇರಿಂಗ್ ಇರುವುದರಿಂದ ಭಾರದ ನಾಬಿಗೆ ಹೇಳಿ ಮಾಡಿಸಿದವು. ಎರಡು ಎಚ್ಚರಿಕೆ: ಅವುಗಳ ಔಟ್‌ಪುಟ್ ಸಾಮಾನ್ಯವಾಗಿ ಓಪನ್ ಕಲೆಕ್ಟರ್ (ತಾನೇ ವೋಲ್ಟೇಜ್ ಕೊಡದ ಬಗೆ), ಸಪ್ಲೈಗೆ ಜೋಡಿಸುವ ಪುಲ್‌ಅಪ್ ರೆಸಿಸ್ಟರ್ ಇಲ್ಲದೆ ಕೆಲಸ ಮಾಡುವುದಿಲ್ಲ, ಮತ್ತು ಔಟ್‌ಪುಟ್ ತಂತಿ ತಪ್ಪಿ ನೇರ ಸಪ್ಲೈಗೆ ತಾಗಿದರೆ ಸುಟ್ಟಂತೆಯೇ. ಇನ್ನು 2400 ಹೆಜ್ಜೆಗಳನ್ನು ಇಣುಕಿ ನೋಡುವ ಪ್ರೋಗ್ರಾಮ್ ಹಿಡಿಯಲಾರದು. ಇಂಟರಪ್ಟ್ (ಹೆಜ್ಜೆ ಬಂದೊಡನೆ ಚಿಪ್ಪನ್ನು ಎಚ್ಚರಿಸುವ ವಿಧಾನ) ಬಳಸಿ ಬರೆದದ್ದೇ ಬೇಕು. ಹೆಜ್ಜೆಗೆ 1 ಹರ್ಟ್ಸ್ ಇಟ್ಟುಕೊಂಡರೆ ಆಗ ಸಿಗುವ ನುಣುಪನ್ನು ನೋಡಿ ನೀವೇ ಹಿರಿಯರಿಗೆ ಫೋನ್ ಮಾಡುತ್ತೀರಿ.

ಟಕ್ ಹೋದ ಮೇಲೆಯೇ ನಾಬಿನ ವಿಚಾರ, ಏಕೆಂದರೆ ಆಗ ಹೊಸದೊಂದು ಸಮಸ್ಯೆ ಹುಟ್ಟುತ್ತದೆ. ತಡೆಯೇ ಇಲ್ಲದ ಶಾಫ್ಟಿನ ಮೇಲೆ ಒಂದು ಬದಿ ಭಾರವಾದ ನಾಬ್ ಕೂತರೆ, ಕೈ ಬಿಟ್ಟ ಮೇಲೆ ಭಾರದ ಬದಿ ಮೆಲ್ಲಗೆ ಕೆಳಗಿಳಿಯುತ್ತದೆ. ಮೇಜಿನ ಮೇಲೆ ಫ್ಯಾನ್ ನಡುಗಿದರೆ ಸಾಕು. ಜನ ಇದನ್ನು ಫ್ರೀಕ್ವೆನ್ಸಿ ಜಾರುವುದು ಎಂದುಕೊಂಡು ಕ್ರಿಸ್ಟಲ್ ಬದಲಿಸುತ್ತಾರೆ! ಬೆರಳಿಡಲು ಕೊರೆದ ಗುಳಿ, ಒಂದೇ ಕಡೆ ಇರುವ ಗ್ರಬ್ ಸ್ಕ್ರೂ (ನಾಬನ್ನು ಶಾಫ್ಟಿಗೆ ಬಿಗಿಯುವ ತಲೆಯಿಲ್ಲದ ಸ್ಕ್ರೂ), ನಡುವಿಗೆ ಸರಿಯಾಗಿ ಬೀಳದ ತೂತು, ಇವು ಮೂರೂ ತೂಕವನ್ನು ಒಂದು ಬದಿಗೆ ತಳ್ಳುತ್ತವೆ. ಪರೀಕ್ಷೆ ಸುಲಭ. ನಾಬಿನ ತೂತಿಗೆ 6 ಮಿ.ಮೀ. ನೇರ ಸರಳು ತೂರಿಸಿ, ಎರಡು ಬ್ಲೇಡುಗಳ ಅಂಚಿನ ಮೇಲೆ ಅಡ್ಡ ಇಟ್ಟು ಬಿಡಿ. ಪ್ರತಿ ಸಲವೂ ಒಂದೇ ಬದಿ ಕೆಳಗೆ ಬಂದು ನಿಂತರೆ ಆ ಬದಿಯ ಹಿಂಭಾಗದಲ್ಲಿ ಡ್ರಿಲ್ಲಿನಿಂದ ಸ್ವಲ್ಪ ಕೆರೆದು ತೆಗೆಯಿರಿ. ಜೊತೆಗೆ ನಾಬ್ ಮತ್ತು ಪ್ಯಾನೆಲ್ಲಿನ ನಡುವೆ ತೆಳು ಫೆಲ್ಟ್ ವಾಷರ್ ಇಟ್ಟರೆ ಬೇಕಾದಷ್ಟೇ ತಡೆ ಸಿಗುತ್ತದೆ. ಕಾರ್ಖಾನೆಯ ಹಲವು ಸೆಟ್‌ಗಳಲ್ಲಿ ನಾಬಿನ ಕೆಳಗೆ ಇರುವ ಸಣ್ಣ ಸ್ಕ್ರೂ ಅಥವಾ ಲಿವರ್ ಮಾಡುವುದೂ ಇದೇ ಕೆಲಸ. ಎಣ್ಣೆ ಬಿಡಬೇಡಿ. ಹೊಲಿಗೆ ಯಂತ್ರದ ಎಣ್ಣೆಯಾಗಲಿ ಸ್ಪ್ರೇ ಆಗಲಿ ಒಳಗಿನ ದಪ್ಪ ಗ್ರೀಸನ್ನು ಕರಗಿಸುತ್ತದೆ. ಮೇಲೆ ನಮ್ಮ ಕಡೆಯ ಧೂಳು ಕೂತರೆ ಎನ್‌ಕೋಡರಿನ ಒಳಗೆ ಕೆಸರಾಗುತ್ತದೆ.

ನಾಬಿಗೆ ಮೂರು ದಾರಿ. ಈಗಿರುವ ಪ್ಲಾಸ್ಟಿಕ್ ನಾಬಿನ ಪೊಳ್ಳಿನಲ್ಲಿ ಅಂಚಿಗೆ ಒತ್ತಿ ಒಂದು ಹಿತ್ತಾಳೆ ಉಂಗುರವನ್ನು ಎಪಾಕ್ಸಿಯಿಂದ ಅಂಟಿಸಿ ನೋಡುವುದು ಒಂದು. ನಿಮಗೆ ತೂಕ ಎಷ್ಟು ಬೇಕು ಎಂದು ಅಗ್ಗದಲ್ಲಿ ಗೊತ್ತಾಗುತ್ತದೆ. ಆಂಪ್ಲಿಫೈಯರ್ ವಾಲ್ಯೂಮಿಗೆಂದು ಮಾರುವ 44 ಮಿ.ಮೀ. ಆಸುಪಾಸಿನ ಅಲ್ಯೂಮಿನಿಯಂ ನಾಬ್ ತರಿಸುವುದು ಇನ್ನೊಂದು. ಕೊಳ್ಳುವಾಗ ಗಟ್ಟಿಯದೋ ಪೊಳ್ಳೋ, ತೂತು 6 ಮಿ.ಮೀ. ಇದೆಯೋ ನೋಡಿ. ಹಲ್ಲು ಹಲ್ಲಾದ ಸೀಳು ಶಾಫ್ಟ್ ನಿಮ್ಮದಾದರೆ ಗ್ರಬ್ ಸ್ಕ್ರೂ ಬಿಗಿದಾಗ ಸೀಳು ಮುಚ್ಚಿಕೊಂಡು ನಾಬ್ ಓರೆಯಾಗುತ್ತದೆ. ಒಂದು ಬದಿ ಚಪ್ಪಟೆಯಿರುವ ಶಾಫ್ಟೇ ಒಳ್ಳೆಯದು, ಸ್ಕ್ರೂ ಆ ಚಪ್ಪಟೆಯ ಮೇಲೆಯೇ ಕೂರಬೇಕು.

ಮೂರನೆಯದು ಲೇಥ್. ಬೀದರಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಾಗಲಿ, ಇಲ್ಲಿ ಕಲಬುರಗಿಯ ಕಪನೂರಿನಲ್ಲಾಗಲಿ ಮಾಡಿಕೊಡುವವರಿಗೆ ಕೊರತೆಯಿಲ್ಲ. ಅವರಿಗೆ ಇದು ಚಿಲ್ಲರೆ ಕೆಲಸ, ಹಾಗಾಗಿ ನೀವೇ ನಿಂತು ಹೇಳಬೇಕು. ‘ಎರಡು ಸೂತ ತೂತು’ ಎಂದರೆ ಕಾಲು ಇಂಚಿನ ಡ್ರಿಲ್ ಎತ್ತಿಕೊಳ್ಳುತ್ತಾರೆ, ಅದು 6.35 ಮಿ.ಮೀ. ನಿಮ್ಮ 6 ಮಿ.ಮೀ. ಶಾಫ್ಟ್ ಮೇಲೆ ಆ ನಾಬ್ ಅಲ್ಲಾಡುತ್ತದೆ, ಸ್ಕ್ರೂ ಬಿಗಿದರೆ ನಡುವಿನಿಂದ ಸರಿಯುತ್ತದೆ. 5.8 ಮಿ.ಮೀ. ಕೊರೆದು 6ರ ರೀಮರ್ ಹಾಕಿ ಎನ್ನಿ. ತೂತು ಮತ್ತು ಹೊರಗಿನ ಸುತ್ತನ್ನು ಚಕ್‌ನಿಂದ ತೆಗೆಯದೆ ಒಂದೇ ಹಿಡಿತದಲ್ಲಿ ಮಾಡಬೇಕು, ಇಲ್ಲವಾದರೆ ತಿರುಗುವಾಗ ಅಂಚು ಕುಣಿಯುತ್ತದೆ. ಹಿಂಭಾಗದಲ್ಲಿ ಎನ್‌ಕೋಡರಿನ ನಟ್ ಮುಳುಗುವಷ್ಟು ಗುಳಿ, ಒಂದಕ್ಕೊಂದು 90 ಡಿಗ್ರಿಯಲ್ಲಿ ಎರಡು ಎಂ3 ಗ್ರಬ್ ಸ್ಕ್ರೂ. ಅಂಚು ದಪ್ಪ ಬಿಟ್ಟು ನಡುವೆ ಹಿಂದಿನಿಂದ ಟೊಳ್ಳು ಮಾಡಿಸಿದರೆ 120 ಗ್ರಾಮಿನೊಳಗೇ ನೀವು ಬಯಸಿದ ಓಟ ಸಿಗುತ್ತದೆ.

ಬಿದ್ರಿಯ ಆಸೆ ನನಗೂ ಹಿಡಿಸಿತು. ಆ ಲೋಹ ಬಹುಪಾಲು ಸತು, ಸ್ವಲ್ಪ ತಾಮ್ರ. ಹಿತ್ತಾಳೆಗಿಂತ ತುಸು ಹಗುರ, ಅಲ್ಯೂಮಿನಿಯಮ್ಮಿಗಿಂತ ಎರಡೂವರೆ ಪಟ್ಟು ಭಾರ. ತೂಕದ ದೃಷ್ಟಿಯಿಂದ ಉತ್ತಮ. ತೊಂದರೆ ಇರುವುದು ಸ್ಕ್ರೂನಲ್ಲಿ: ಸತುವಿನಲ್ಲಿ ಕೊರೆದ ಸಣ್ಣ ಮರೆ (ಸ್ಕ್ರೂ ಕೂರುವ ಸುರುಳಿ ಗೆರೆ) ನಾಲ್ಕು ಸಲ ಬಿಗಿದು ಸಡಿಲಿಸಿದರೆ ಕಿತ್ತು ಬರುತ್ತದೆ. ಆದ್ದರಿಂದ ನಡುವೆ ಹಿತ್ತಾಳೆ ಬುಷ್ ಕೂರಿಸಿ, ಸ್ಕ್ರೂ ಮರೆಯನ್ನು ಆ ಬುಷ್ಷಿನಲ್ಲೇ ಹಾಕಿಸಿ. ಬಿದ್ರಿ ಲೋಹದಲ್ಲಿ ಅಲೆನ್ ಕೀ ಹೋಗುವ ದಾರಿ ಮಾತ್ರ ಇರಲಿ. ಕೆಲಸದ ಕ್ರಮವೂ ಮುಖ್ಯ. ಎರಕ, ಲೇಥ್, ಬುಷ್, ತೂಕ ಸರಿದೂಗಿಸುವುದು ಎಲ್ಲ ಮುಗಿದ ಮೇಲೆ ಬೆಳ್ಳಿ ಕೂರಿಸಿ, ಕೊನೆಗೆ ಕೋಟೆ ಮಣ್ಣು ಮತ್ತು ನವಸಾಗರದಲ್ಲಿ ಕಪ್ಪು ಮಾಡಬೇಕು. ಕಪ್ಪು ಮಾಡಿದ ಮೇಲೆ ಲೇಥಿಗೆ ಕೊಟ್ಟರೆ ಬಣ್ಣ ಹೋಗಿ ಬೂದು ಲೋಹ ಕಾಣುತ್ತದೆ. ನವಸಾಗರದ ಪಸೆ ತೂತಿನೊಳಗೆ ಉಳಿದರೆ ಶಾಫ್ಟಿಗೆ ತುಕ್ಕು; ಚೆನ್ನಾಗಿ ತೊಳೆದು ಒಣಗಿಸಿದ್ದಾರೆಯೇ ನೋಡಿ. ದಿನವೂ ಬೆವರು ಬೆರಳು ಆಡುವ ಅಂಚಿನಲ್ಲಿ ಕಪ್ಪು ಬೇಗ ಮಾಸುತ್ತದೆ. ನಾನಾದರೆ ಅಂಚನ್ನು ಹಿತ್ತಾಳೆಯದೇ ಮಾಡಿಸಿ, ಮುಖದ ಮೇಲೆ ಮಾತ್ರ ಬಿದ್ರಿ ತಟ್ಟೆ ಕೂರಿಸುತ್ತೇನೆ. ಬಳ್ಳಿಯ ನಡುವೆ ನಿಮ್ಮ ಕಾಲ್‌ಸೈನ್ (ಲೈಸೆನ್ಸಿನ ಗುರುತಿನ ಹೆಸರು) ಬೆಳ್ಳಿಯಲ್ಲಿ ಬಂದರೆ ಇನ್ನೂ ಚೆಂದ.

ಲೋಹದ ನಾಬ್ ಎಂದ ಮೇಲೆ ಒಂದು ಮಾತು ಹೇಳಲೇಬೇಕು. ನಿಮ್ಮ ಸೆಟ್ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿದ್ದರೆ ಎನ್‌ಕೋಡರಿನ ಲೋಹದ ಬುಷ್ಷಿನಿಂದ ಸೆಟ್ಟಿನ ಗ್ರೌಂಡಿಗೆ ಒಂದು ತಂತಿ ಎಳೆಯಿರಿ. ಬೇಸಿಗೆಯ ಒಣ ಹವೆಯಲ್ಲಿ ಕೈಯಿಂದ ಹಾರುವ ಕಿಡಿ ಪ್ಲಾಸ್ಟಿಕ್ ನಾಬಿಗೆ ತಾಗುತ್ತಿರಲಿಲ್ಲ. ಲೋಹದ ನಾಬಿಗೆ ತಾಗಿ ಶಾಫ್ಟಿನ ಮೂಲಕ ಕಂಟ್ರೋಲರಿನ ಪಿನ್ನಿಗೆ ಇಳಿಯಬಹುದು. ಪಿಟಿಟಿ (ಮಾತಾಡುವಾಗ ಒತ್ತುವ ಸ್ವಿಚ್) ಒತ್ತಿದಾಗ ಮಾತ್ರ ಬೆರಳಿಗೆ ಚುರುಕ್ ಎಂದರೆ ಅದು ಆಂಟೆನಾ ಕಡೆಯಿಂದ ಹಿಂದೆ ಬಂದ ಆರ್‌ಎಫ್ (ರೇಡಿಯೊ ಫ್ರೀಕ್ವೆನ್ಸಿಯ ವಿದ್ಯುತ್); ಫೀಡ್‌ಲೈನಿಗೆ, ಅಂದರೆ ಆಂಟೆನಾ ಕೇಬಲ್ಲಿಗೆ, ಚೋಕ್ ಹಾಕಿ ಸರಿಪಡಿಸಿ. ಸುಮ್ಮನೆ ಮುಟ್ಟಿದಾಗಲೂ ಜುಮ್ಮೆನ್ನುತ್ತಿದ್ದರೆ ತಕ್ಷಣ ಪವರ್ ಸಪ್ಲೈ ಮತ್ತು ಮನೆಯ ಅರ್ಥಿಂಗ್ ನೋಡಿಸಿ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಮಳೆಗಾಲದಲ್ಲಿ ಸರಿಯಿದ್ದ ಅರ್ಥ್ ಮೇ ತಿಂಗಳಲ್ಲಿ ಹೆಸರಿಗಷ್ಟೇ ಇರುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲವೂ ನೀರು ಹಿಡಿಯುವುದರಲ್ಲಿ ಹೆಚ್ಚೇನಲ್ಲ. ಅರ್ಥ್ ಪೈಪಿನ ಗುಂಡಿಗೆ ನೀರು ಹಾಕುತ್ತಿರಿ.

ಇಷ್ಟರಲ್ಲಿ 300 ಗ್ರಾಮಿನ ಹಿತ್ತಾಳೆ ಕೊಂಡೇಬಿಟ್ಟಿದ್ದರೆ ಚಿಂತೆ ಬೇಡ, ಹಿಂದಿನಿಂದ ಟೊಳ್ಳು ಮಾಡಿಸಿ. ಮೊದಲು ಎನ್‌ಕೋಡರ್ ಬದಲಿಸಿ, ಪ್ಲಾಸ್ಟಿಕ್ ನಾಬಿನಲ್ಲೇ ಎರಡು ವಾರ ಓಡಿಸಿ. ಆಗಲೂ ಕೈ ಭಾರ ಬೇಡುತ್ತಿದ್ದರೆ ಲೇಥಿಗೆ ಹೋಗಿ. ಸೆಟ್ಟನ್ನು ಕಲಬುರಗಿಗೆ ತರುವಾಗ ನಾಬ್ ಕಳಚಿ ಬೇರೆ ಇಡಿ, ಅಲೆನ್ ಕೀಯನ್ನು ಪೆಟ್ಟಿಗೆಯ ತಳಕ್ಕೆ ಟೇಪ್ ಹಚ್ಚಿ ಅಂಟಿಸಿ.